ಬಾಗಿಲ ಚೌಕಟ್ಟಿಗೆ ಎರಡು ಸಲ

"ನಿಲ್ಲಿಸಿ! ದಯವಿಟ್ಟು ಅದನ್ನ ನಿಲ್ಲಿಸಿ!"

ಕತ್ತಲೆ ಕೋಣೆಯಲ್ಲಿ ಚಿತ್ರ ನೋಡುತ್ತಾ ಕೂತಿದ್ದವರೆಲ್ಲ, ಸ್ಟುಡಿಯೋ ನಡೆಸುವ ಮೇಷ್ಟ್ರೂ ಸೇರಿ, ಬೆಚ್ಚಿಬಿದ್ದರು. ಕೂಗಿದ್ದು ಬಣ್ಣದ ವಿಭಾಗದ ಹುಡುಗಿ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಬಣ್ಣದಮ್ಮ ಎಂದು ರೇಗಿಸುತ್ತಿದ್ದರು. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಮೆತ್ತಗೆ. ಅಂಥವಳ ಬಾಯಲ್ಲಿ ಈ ಕೂಗು!

ಪರದೆಯ ಮೇಲಿದ್ದದ್ದು ಜಪಾನಿನ ಅನಿಮೆ ಕಾರ್ಟೂನ್ ಸರಣಿ. ಅತೀಂದ್ರಿಯ ಶಕ್ತಿಯಿರುವ ಹುಡುಗಿಯ ಕಥೆ. ಅದರ ಕೆಲವು ದೃಶ್ಯಗಳನ್ನು ಬರೆದು, ಬಣ್ಣ ಹಾಕಿ ಕಳಿಸುವುದು ಈ ಸ್ಟುಡಿಯೋದ ಕೆಲಸ. ಧ್ವನಿ ಇನ್ನೂ ಸೇರಿಸಿರಲಿಲ್ಲ.

ಪರದೆಯ ಹುಡುಗಿ ದಿಟ್ಟಿಸಿದ್ದೇ ತಡ, ಕೋಣೆಯ ಸಾಮಾನೆಲ್ಲ ಮೇಲೇಳುತ್ತದೆ. ಮಿಂಚಿಲ್ಲ, ಹೊಗೆಯಿಲ್ಲ. ಮೇಜಿನ ಮೇಲಿನ ಲೋಟ ಮೊದಲು ಹಿಂಜರಿಯುತ್ತದೆ. ಒಳಗಿನ ನೀರು ಒಂದು ಕಡೆಗೆ ವಾಲುತ್ತದೆ. ಆಮೇಲೆ ಒಲ್ಲದ ಮನಸ್ಸಿನಿಂದ ಮೇಜನ್ನು ಬಿಟ್ಟು ಏಳುತ್ತದೆ! ನೋಡುವವರಿಗೆ ಅದರ ಭಾರ ತಮ್ಮ ಕೈಗೇ ಬಂದ ಹಾಗಾಗುತ್ತದೆ.

ಕೊನೆಗೆ ಎಲ್ಲವನ್ನೂ ಮೆಲ್ಲಗೆ ಕೆಳಗಿಳಿಸಿ ಹುಡುಗಿ ಹೊರಡುತ್ತಾಳೆ. ಹೊಸ್ತಿಲಲ್ಲಿ ಎಡಗಾಲಿನ ಹಿಮ್ಮಡಿ ಎತ್ತಿ ನಿಂತು, ಹಿಂದಿರುಗಿ ನೋಡದೆ, ಬೆರಳಿನ ಗೆಣ್ಣಿನಿಂದ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟುತ್ತಾಳೆ.

ಧ್ವನಿಯೇ ಇಲ್ಲದ ಚಿತ್ರ... ಆದರೂ ಬಣ್ಣದಮ್ಮನಿಗೆ ಕೇಳಿಸಿತು. ಟಕ್... ಟಕ್...

ಅಕ್ಕ!

ಎರಡು ವರ್ಷದ ಹಿಂದೆ ತೀರಿಹೋದ ಅಕ್ಕ. ಇದೇ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಿದ್ದವಳು. ಮನೆಯಿಂದ ಹೊರಡುವಾಗಲೆಲ್ಲ ಹೀಗೇ ನಿಂತು, ಹೀಗೇ ತಟ್ಟಿ ಹೋಗುತ್ತಿದ್ದಳು. ಆಸ್ಪತ್ರೆಗೆ ಹೊರಟ ಕೊನೆಯ ದಿನವೂ ತಟ್ಟಿದ್ದಳು.

ಈ ದೃಶ್ಯದ ಒಂದೊಂದು ಚಿತ್ರಕ್ಕೂ ಬಣ್ಣ ತುಂಬಿದ್ದು ಬಣ್ಣದಮ್ಮನೇ. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಎತ್ತಿದ ಹಿಮ್ಮಡಿ ಒಂದರಲ್ಲಿ, ಮಡಚಿದ ಬೆರಳು ಇನ್ನೊಂದರಲ್ಲಿ, ಅಷ್ಟೇ. ಈಗ ಚಿತ್ರಗಳು ಒಂದರ ಹಿಂದೊಂದು ಓಡಿದಾಗ, ಅವುಗಳ ನಡುವಿನಿಂದ ಅಕ್ಕ ಎದ್ದು ಬಂದಿದ್ದಳು.

"ಯಾರು... ಯಾರು ಬರೆದಿದ್ದು ಇದನ್ನ?"

"ನಾನು," ಎಂದಿತು ಹಿಂದಿನ ಸಾಲಿನ ಒಂದು ದನಿ.

ಗೂಬೆ! ಕೆಲವು ತಿಂಗಳ ಹಿಂದೆ ಸೇರಿದ ಚಿತ್ರಗಾರ. ದಪ್ಪ ಕನ್ನಡಕದೊಳಗಿಂದ ಕಂಡಕಂಡವರನ್ನು ಕಣ್ಣು ಮಿಟುಕಿಸದೆ ನೋಡುತ್ತಾನೆಂದು ಎಲ್ಲರೂ ಇಟ್ಟ ಹೆಸರು. ಅವನ ಗೆರೆಗಳೆಂದರೆ ಅವಳಿಗೆ ಪ್ರಾಣ. ಅವನು "ಊಟ ಆಯ್ತಾ?" ಎಂದು ಕೇಳಿದ ದಿನ ಸಂಜೆಯವರೆಗೂ ಅವಳ ಮುಖದಲ್ಲಿ ನಗು ಇರುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಮಾತಾಡುವ ಧೈರ್ಯ ಅವಳಿಗೆ ಬಂದದ್ದಿಲ್ಲ.

ಇಂದು ಬಂತು. "ನನ್ನ ಅಕ್ಕ ನಿಮಗೆ ಗೊತ್ತಿತ್ತು, ಅಲ್ವಾ?"

"ನಿಮ್ಮ ಅಕ್ಕನಾ? ನಾನು ಕೂರೋ ಮೇಜು ಮೊದಲು ಅವರದಾಗಿತ್ತು ಅಂತ ಮೇಷ್ಟ್ರು ಹೇಳಿದ್ರು. ಅಷ್ಟೇ. ಅವರನ್ನ ನಾನು ನೋಡೇ ಇಲ್ಲ."

"ಸುಳ್ಳು!"

ಅವಳು ಬಣ್ಣದ ಕೋಣೆಗೆ ಓಡಿ ಕುರ್ಚಿಯಲ್ಲಿ ಕುಸಿದಳು. ನೋಡದವನು ಬರೆಯುವುದು ಹೇಗೆ? ಪ್ರೀತಿಸಿದವರಿಗಷ್ಟೇ ಅಂಥ ಗೆರೆ ಬರುತ್ತದೆ...

ಅಯ್ಯೋ, ಸತ್ತ ಅಕ್ಕನ ಮೇಲೆ ಹೊಟ್ಟೆಕಿಚ್ಚೇ? ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಮನೆಯಲ್ಲಿ ಅಮ್ಮನಿಗೂ ಅಕ್ಕನೇ ಬೇಕು. ದಿನಾ ತಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಡುತ್ತಾಳೆ. ಹೋದವಳು ತಾನಾಗಿದ್ದರೆ ಚೆನ್ನಿತ್ತೆಂದು ಅಮ್ಮನಿಗೆ ಅನ್ನಿಸುತ್ತಿರಬೇಕು. ಈಗ ಇವನಿಗೂ...

ತಡೆಯಲಾರದೆ ಅವಳು ಅವನ ಮೇಜಿನ ಮುಂದೆ ಹೋಗಿ ನಿಂತಳು. ಅವನು ಆ ದೃಶ್ಯದ ಹಾಳೆಗಳನ್ನೇ ತೆಗೆದಿಡುತ್ತಿದ್ದ.

"ಮೇಷ್ಟ್ರ ಹತ್ರ ಮಾತಾಡಿದೀನಿ. ಆ ಭಾಗ ತೆಗೆದುಬಿಡ್ತೀನಿ. ಸುಮ್ನೆ ನಡ್ಕೊಂಡು ಹೋಗೋ ಹಾಗೆ ಬರೀತೀನಿ. ನಿಮಗೆ ನೋವು ಮಾಡೋ ಚಿತ್ರ ನಂಗೆ ಬೇಡ."

ತೆಗೆದರೆ? ಅಕ್ಕ ಇನ್ನೊಮ್ಮೆ ಹೋಗಿಬಿಡುತ್ತಾಳೆ. ಇಟ್ಟರೆ? ಅವಳು ಇವನವಳಾಗಿ ಉಳಿಯುತ್ತಾಳೆ. ಎರಡನ್ನೂ ಸಹಿಸಲು ಅವಳಿಂದ ಆಗಲಿಲ್ಲ.

"ಅದೆಲ್ಲ ಇರಲಿ. ಯಾರನ್ನ ನೋಡಿ ಬರೆದ್ರಿ? ನಿಜ ಹೇಳಿ."

ಅವನು ಕನ್ನಡಕ ತೆಗೆದು ಒರೆಸಿದ. "ಬೈಬಾರದು... ನಿಮ್ಮನ್ನ."

"ನನ್ನನ್ನಾ? ನಾನು ಯಾವತ್ತು ಹಾಗೆ ಮಾಡಿದೀನಿ? ತಮಾಷೆಗೂ ಒಂದು ಮಿತಿ ಬೇಡ್ವಾ! ಇನ್ನು ನಿಮ್ಮ ಒಂದು ಹಾಳೆನೂ ನಾನು ಮುಟ್ಟಲ್ಲ!"

ಕಣ್ಣೀರು ಕಾಣದಿರಲೆಂದು ಸರ್ರನೆ ತಿರುಗಿ ಅವಳು ಬಾಗಿಲ ಕಡೆ ನಡೆದಳು.

ಟಕ್... ಟಕ್...

ಅವಳು ಕಲ್ಲಾಗಿ ನಿಂತಳು. ಈ ಸಲ ಸದ್ದು ಬಂದದ್ದು ಮನಸ್ಸಿನೊಳಗಿಂದಲ್ಲ. ತಲೆಯೆತ್ತಿ ನೋಡಿದಳು. ಅವಳ ಬಲಗೈ ಚೌಕಟ್ಟಿನ ಮೇಲಿತ್ತು, ಬೆರಳು ಮಡಚಿಕೊಂಡೇ ಇತ್ತು. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟಿತ್ತು.

"ಇದೇ..." ಹಿಂದಿನಿಂದ ಅವನೆಂದ. "ದಿನಾ ಸಂಜೆ ಇಲ್ಲಿಂದ ಹೊರಡೋವಾಗ ಮಾಡ್ತೀರಲ್ಲ, ಇದೇ. ಇಡೀ ಕೋಣೆನ ಎತ್ತೋ ಹುಡುಗಿಗೂ, ಬಿಟ್ಟು ಹೋಗೋಕೆ ಮಾತ್ರ ಶಕ್ತಿ ಸಾಲಲ್ಲ ಅಂತ ತೋರಿಸಬೇಕಿತ್ತು. ನಿಮ್ಮನ್ನ ಬಿಟ್ಟು ಬೇರೆ ಯಾರೂ ಹೊಳೀಲಿಲ್ಲ."

ಹಾಗಾದರೆ ಅಕ್ಕ ಚಿತ್ರದಲ್ಲಿರಲಿಲ್ಲ. ಇಷ್ಟು ದಿನ ಅವಳ ಕೈಯಲ್ಲೇ ಇದ್ದಳು, ಅವಳ ಕಾಲಲ್ಲೇ ಇದ್ದಳು!

ತಕ್ಷಣ ಅಮ್ಮನ ನೆನಪಾಯಿತು. ಮನೆಯ ಬಾಗಿಲಿಗೂ ತಾನು ಹೀಗೇ ತಟ್ಟುತ್ತಿರಬೇಕು. ದಿನಾ ಬೆಳಿಗ್ಗೆ ಟಕ್ ಟಕ್ ಕೇಳಿ ಮುಖ ತಿರುಗಿಸುವ ಅಮ್ಮ... ತನ್ನನ್ನು ನೋಡಲಾಗದೆ ಅಲ್ಲ. ಇಬ್ಬರು ಮಕ್ಕಳೂ ಒಟ್ಟಿಗೆ ಹೊರಡುವುದನ್ನು ಕೇಳಿ ಅಳುವುದಕ್ಕೆ.

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಓಡಿಬಂದ. ಏನು ಮಾಡಬೇಕೆಂದು ತೋಚದೆ ಪಕ್ಕದಲ್ಲೇ ನೆಲದ ಮೇಲೆ ಕೂತು, ಪೆನ್ಸಿಲ್ ಮಸಿ ಹತ್ತಿದ ಕರ್ಚೀಫನ್ನೇ ಮುಂದೆ ಹಿಡಿದ. ಒರೆಸಿಕೊಂಡ ಅವಳ ಕೆನ್ನೆಯೆಲ್ಲ ಕಪ್ಪಾಯಿತು.

"ಅಳಿಸಬೇಡಿ ಅದನ್ನ," ಎಂದಳು ಕೊನೆಗೆ. "ಅಮ್ಮನಿಗೆ ತೋರಿಸಬೇಕು."

"ಸರಿ."

"ದಿನಾ ನನ್ನನ್ನೇ ನೋಡ್ತಿದ್ರಾ?"

"ಎಲ್ಲರನ್ನೂ ನೋಡ್ತೀನಿ, ಕೆಲಸ ಅದು. ನಿಮ್ಮನ್ನ..." ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ನೋಡೋದು ಕೆಲಸಕ್ಕಲ್ಲ. ನಂಗೆ ನೀವಂದ್ರೆ ಇಷ್ಟ. ಬಂದ ವಾರದಿಂದಲೇ."

ಅವಳು ಅವನ ಕರ್ಚೀಫನ್ನು ವಾಪಸ್ಸು ಕೊಡಲಿಲ್ಲ. ಮಡಚಿ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಳು.

ಸಂಜೆ ಹೊರಡುವ ಹೊತ್ತಿಗೆ ಅವಳು ಬಾಗಿಲ ಬಳಿ ತಡವರಿಸಿದಳು. "ಇನ್ಮೇಲೆ ನಂಗೆ ಅದು ಬರಲ್ವೇನೋ... ಗೊತ್ತಾಗಿಬಿಡ್ತಲ್ಲ."

"ಬರುತ್ತೆ. ಯಾರ ಜೊತೆಗಾದ್ರೂ ಮಾತಾಡ್ಕೊಂಡು ಹೊರಟ್ರೆ ತಾನಾಗೇ ಬರುತ್ತೆ."

"ಯಾರ ಜೊತೆ?"

"ಒಂದು ಗೂಬೆ ಇದೆ. ಪರವಾಗಿಲ್ವಾ?"

ಅವಳಿಗೆ ಫಕ್ಕನೆ ನಗು ಬಂತು. "ಆ ಗೂಬೆ ನಮ್ಮ ಮನೆ ತನಕ ಬರುತ್ತಾ? ಅಮ್ಮನಿಗೆ ನಾನೊಬ್ಬಳೇ ಹೇಳೋಕಾಗಲ್ಲ. ಅಕ್ಕ ಇದ್ದಿದ್ರೆ ನಿಮ್ಮನ್ನ ನೋಡಿ ಏನಂತಿದ್ಲು ಗೊತ್ತಾ..." ಎನ್ನುತ್ತಾ ಅವಳು ಹೊಸ್ತಿಲು ದಾಟಿದಳು.

ಟಕ್... ಟಕ್...

ಅವನು ಚೌಕಟ್ಟನ್ನು ನೋಡಿ ಮುಗುಳ್ನಕ್ಕ.

"ಯಾಕೆ? ಏನು ನಗ್ತಿದೀರಾ?"

"ಏನಿಲ್ಲ," ಎಂದ ಅವನು. "ಹೇಳಿ, ಅಕ್ಕ ಏನಂತಿದ್ರು?"