ಏಳು ಸ್ಕ್ರೂ, ಒಂದು ಬೋಲ್ಟು

ಶನಿವಾರ ಮಧ್ಯಾಹ್ನ ಮೂರಕ್ಕೆ ಬಡಗಿ ಹಿತ್ತಿಲ ಕೆಲಸದ ಕೋಣೆಯ ಬಾಗಿಲು ತೆಗೆದ. ಬೆಂಚಿನ ಮೇಲೆ ನಾಲ್ಕು ಡ್ರಮ್ಮು ಇರಬೇಕಿತ್ತು. ಮೂರಿದ್ದವು.

ದೊಡ್ಡದು ಇತ್ತು. ನಡುವಿನವು ಎರಡೂ ಇದ್ದವು. ಸಣ್ಣದು ಇರಲಿಲ್ಲ—ಸ್ನೇರ್ ಡ್ರಮ್ಮು, ಅದಿಲ್ಲದಿದ್ದರೆ ಸೆಟ್ಟಿಗೆ ಜೀವವೇ ಇಲ್ಲ ಎಂದು ಬಾರಿಸುವವರು ಹೇಳುವಂಥದ್ದು. ಅದಿದ್ದ ಕಡೆ ಮರದ ಹುಡಿಯ ನಡುವೆ ದುಂಡನೆಯ ಗುರುತು ಉಳಿದಿತ್ತು.

ಬಡಗಿ ಬೆಂಚಿನ ಕೆಳಗೆ ನೋಡಿದ. ಕಪಾಟಿನ ಹಿಂದೆ ನೋಡಿದ. ಆನೆ ಕಳೆದುಕೊಂಡವನು ಮಡಕೆಯಲ್ಲಿ ಹುಡುಕಿದಂತೆ, ಅಂಟಿನ ಡಬ್ಬಿಯ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಳಿತ.

ಎರಡು ತಿಂಗಳ ಹಿಂದೆ ಗುಜರಿ ಅಂಗಡಿಯಲ್ಲಿ ಆ ಸೆಟ್ಟು ಸಿಕ್ಕಿದ್ದು ನೀರಿನ ಬೆಲೆಗೆ. ಸುತ್ತ ಮಿಣಮಿಣ ನೀಲಿ ಪ್ಲಾಸ್ಟಿಕ್ ಹಾಳೆ, ಅದೂ ಕಿತ್ತುಬಂದಿತ್ತು, ಕಬ್ಬಿಣವೆಲ್ಲ ತುಕ್ಕು. ಬಡಗಿ ಹಾಳೆಗೆ ಬಿಸಿಗಾಳಿ ಹಿಡಿದು ಮೆಲ್ಲಗೆ ಸುಲಿದಿದ್ದ. ಕೆಳಗೆ ಎಂಥ ಮರ! ಬಿಟ್ಟುಕೊಂಡ ಪದರಗಳಿಗೆ ಅಂಟು ತುಂಬಿ, ಅಂಚನ್ನು ಸಮ ಮಾಡಿ, ಒರಟು ಕಾಗದದಿಂದ ನಯ ಕಾಗದದವರೆಗೆ ಉಜ್ಜಿ, ಪಾಲಿಷ್ ಹಿಡಿಸಿದ್ದ. ಕಬ್ಬಿಣದ ಹಿಡಿಗಳನ್ನೂ ಚರ್ಮ ಬಿಗಿಯುವ ಬಳೆಗಳನ್ನೂ ಹೊಳೆಯಿಸಿ ಕೊಟ್ಟವನು ಭಾವಮೈದ, ಹೋಟೆಲಿನ ಬ್ಯಾಂಡಿನಲ್ಲಿ ಬಾಡಿಗೆ ಡ್ರಮ್ಮು ಬಾರಿಸುವವನು. ಕೆಲಸ ಮುಗಿದ ಮೇಲೆ ಸೆಟ್ಟು ಅವನಿಗೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ, ಅಷ್ಟೆ.

ಅದೇ ಭಾವಮೈದ ಇವತ್ತು ಹನ್ನೆರಡಕ್ಕೆ ಬಂದು ಜಗಳ ಆಡಿಹೋಗಿದ್ದ. "ಎಷ್ಟು ಅಂತ ಉಜ್ತೀರ ಭಾವ? ಡ್ರಮ್ಮು ಮಾಡ್ತಿದ್ದೀರೋ, ಡೈನಿಂಗ್ ಟೇಬಲ್ ಮಾಡ್ತಿದ್ದೀರೋ? ಹಳೇದಕ್ಕೆ ಹಳೇ ಮೈ ಸ್ವಲ್ಪನಾದರೂ ಇರಲಿ" ಎಂದಿದ್ದ. ಕಸುಬಿನ ಮೇಲೆ ಕೈ ಇಟ್ಟರೆ ಬಡಗಿಗೆ ಮೂಗಿನ ತುದಿಯಲ್ಲೇ ಕೋಪ. ಅವನೂ ಎರಡು ಮಾತು ಜಾಸ್ತಿಯೇ ಆಡಿದ್ದ.

ಹಾಗಾಗಿ ಬಡಗಿ ಯೋಚಿಸಲಿಲ್ಲ. ನೇರ ನಡುಮನೆಗೆ ಬಂದು ಫೋನ್ ಎತ್ತಿದ.

"ಮರ್ಯಾದೆಯಿಂದ ತಂದಿಡು."

"ಏನನ್ನ?"

"ನಾಟಕ ಬೇಡ. ನನ್ನ ಮೇಲೆ ಸಿಟ್ಟಿದ್ರೆ ಬಾಯಲ್ಲಿ ಬೈಯಿ. ಕಳ್ಳನ ಹಾಗೆ ಹಿಂದಿನ ಬಾಗಿಲಿಂದ ಬಂದು ಸಾಮಾನು ಎತ್ಕೊಂಡು ಹೋಗೋದು ಯಾವ ಗಂಡಸುತನ?"

"ಸರಿ ಭಾವ. ಇನ್ನು ನಿಮ್ಮ ಹೊಸಿಲು ತುಳಿಯಲ್ಲ." ಫೋನ್ ಕಟ್ಟಾಯಿತು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಅವಳ ತಾಯಿ, ಬಡಗಿಯ ಅತ್ತೆ, ಒಗೆದ ಬಟ್ಟೆ ಮಡಿಸುತ್ತಿದ್ದವರು, ಕೈ ನಿಲ್ಲಿಸಿದ್ದರು.

"ನಿಮ್ಮ ಚಿಕ್ಕಮ್ಮನ್ನ ಕರೀರಿ," ಎಂದಳು ಹೆಂಡತಿ. "ನನ್ನ ತಮ್ಮ ಕಳ್ಳನೋ ಅಲ್ಲವೋ ಅವರೇ ಹೇಳಲಿ. ಅಲ್ಲೀವರೆಗೆ ನನ್ನನ್ನ ಮಾತಾಡಿಸಬೇಡಿ."

ಚಿಕ್ಕಮ್ಮ ಎರಡು ಬೀದಿ ಆಚೆ ಇದ್ದಳು. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಕುಳಿತು ನಿವೃತ್ತಳಾದವಳು. ಕೊಡೆ, ಕನ್ನಡಕ, ಊರುಗೋಲು, ಒಮ್ಮೆ ಒಂದು ಹಲ್ಲಿನ ಸೆಟ್ಟು. ಆ ಹಲ್ಲಿಗೆ ಇಬ್ಬರು ಹಕ್ಕುದಾರರು ಬಂದಾಗ, "ಇಬ್ಬರೂ ಹಾಕಿ ತೋರಿಸಿ" ಎಂದಳಂತೆ. ಒಬ್ಬ ಅಲ್ಲಿಂದಲೇ ಪರಾರಿ.

ಬಂದವಳು ಕೋಣೆಯೊಳಗೆ ಹೆಜ್ಜೆ ಇಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು. "ಏನು ಕಳೆದಿದೆ?"

"ಹೇಳಿದೆನಲ್ಲ. ಡ್ರಮ್ಮು."

"ಎಂಥ ಡ್ರಮ್ಮು?"

"ಹದಿನಾಲ್ಕು ಅಂಗುಲ ಅಗಲ. ಆರು ಪದರದ ಮರ. ಚರ್ಮ, ಬಳೆ ಏನೂ ಹಾಕಿರಲಿಲ್ಲ. ಬರೀ ಗೂಡು. ಜೇನಿನ ಬಣ್ಣದ ಪಾಲಿಷ್."

"ಇದು ಅಂಗಡಿಯವನು ಹೇಳೋ ಮಾತು. ಸುಳ್ಳು ಹೇಳೋರೂ ಬಣ್ಣ, ಅಳತೆ ಸರಿಯಾಗೇ ಹೇಳ್ತಾರೆ. ಅದರ ಗಾಯ ಹೇಳು."

ಬಡಗಿ ತಲೆ ಕೆರೆದುಕೊಂಡ. "ಒಳಗಡೆ ಯಾರೋ ಪೆನ್ಸಿಲಿನಲ್ಲಿ ಗೆರೆ ಗೀಚಿದ್ರು. ಸಾಲಾಗಿ, ಹತ್ತೋ ಹನ್ನೊಂದೋ. ಮತ್ತೆ... ಚರ್ಮ ಬಿಗಿಯೋಕೆ ಎಂಟು ಉದ್ದ ಸ್ಕ್ರೂ ಇರುತ್ತೆ. ಇದರಲ್ಲಿ ಏಳೇ ಇದ್ವು. ಎಂಟನೇದು ಸೈಕಲ್ ಕ್ಯಾರಿಯರಿನ ಬೋಲ್ಟು. ಕೆಳಗೊಂದು ನಟ್ಟು ಹಾಕಿ ಹೇಗೋ ಕೂರಿಸಿದ್ರು."

"ಅವೆಲ್ಲ ಈಗೆಲ್ಲಿ?"

"ತುಕ್ಕು ಹಿಡಿದಿತ್ತು ಅಂತ ರದ್ದಿ ಡಬ್ಬಿಗೆ ಹಾಕಿದೆ. ಹೊಸ ಸ್ಕ್ರೂ ತಂದಿದ್ದೀನಿ, ಇಲ್ಲೇ ಇದೆ ನೋಡು. ಒಂದೂ ಹೋಗಿಲ್ಲ."

"ಹೊಸದು ಹೋಗಿಲ್ಲ ಅಂತ ನೋಡ್ಕೊಂಡೆ. ಹಳೇದು?"

ಹಳೆಯದನ್ನು ಯಾರು ಕದಿಯುತ್ತಾರೆ? ಬಡಗಿ ಗೊಣಗುತ್ತಲೇ ಗಾಜಿನ ಡಬ್ಬಿಯನ್ನು ಹಳೆ ಪತ್ರಿಕೆಯ ಮೇಲೆ ಸುರಿದ. ನೂರಾರು ಚೂರು—ಕೀಲಿನ ಸ್ಕ್ರೂ, ಕುರ್ಚಿಯ ಮೊಳೆ, ಬಾಗಿದ ಬೋಲ್ಟುಗಳು. ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ಉಳಿದ ಮೂರು ಡ್ರಮ್ಮುಗಳ ಹಳೆ ಸ್ಕ್ರೂ ಎಲ್ಲವೂ ಇದ್ದವು. ಸಣ್ಣದರ ಏಳು ಇರಲಿಲ್ಲ. ಸೈಕಲ್ ಬೋಲ್ಟೂ ಇರಲಿಲ್ಲ.

ಬಡಗಿಯ ಕಸದ ಡಬ್ಬಿಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಒಬ್ಬರಿದ್ದರು.

"ಆ ಬೋಲ್ಟು ಯಾರ್ಯಾರು ನೋಡಿದ್ರು?"

"ಯಾರೂ ಇಲ್ಲ. ಸೆಟ್ಟು ಬಂದ ದಿನವೇ ಒಬ್ಬನೇ ಕೂತು ಬಿಚ್ಚಿದೆ. ಭಾವಮೈದ ಆ ವಾರ ಬ್ಯಾಂಡಿನ ಜೊತೆ ಪರವೂರಲ್ಲಿದ್ದ. ನನ್ನವಳಿಗೆ ಧೂಳಾಗಲ್ಲ. ಅತ್ತೆಗೆ ಪಾಲಿಷ್ ವಾಸನೆಗೇ ತಲೆನೋವು, ಈ ಕಡೆ ತಲೆ ಹಾಕಿದವರಲ್ಲ."

"ಇವತ್ತು ಊಟ ಆದಮೇಲೆ ಏನು ಕೆಲಸ ಇಟ್ಕೊಂಡಿದ್ದೆ?"

"ಸಣ್ಣದರ ಒಳಮೈ ಉಜ್ಜಬೇಕು ಅಂತಿದ್ದೆ. ಯಾಕೆ?"

"ಯಾರಿಗಾದ್ರೂ ಹೇಳಿದ್ದೆಯಾ?"

"ಊಟಕ್ಕೆ ಕೂತಾಗ ಹೇಳಿದೆ. ಒಳಗಿನ ಗೀಚಾಟ ಎಲ್ಲ ಹೋಗಿ, ಒಳಗೂ ಹೊರಗೂ ಹೊಸದಾಗುತ್ತೆ ಅಂತ. ಊಟ ಆದಮೇಲೆ ಒಂದು ಗಂಟೆ ಮಲಗಿದ್ದೆ."

ಚಿಕ್ಕಮ್ಮ ಮೂರು ಡ್ರಮ್ಮುಗಳನ್ನು ಒಂದೊಂದಾಗಿ ನೋಡಿದಳು. "ಚೆನ್ನಾಗಿ ಮಾಡಿದ್ದೀಯ," ಎಂದಳು. "ನಡಿ, ಗುಜರಿಯವನ ಹತ್ತಿರ ಹೋಗೋಣ."

ಗುಜರಿಯವನೂ ಅನುಮಾನಕ್ಕೆ ಹೊರತಲ್ಲ. ಸೆಟ್ಟನ್ನು ಅಗ್ಗಕ್ಕೆ ಕೊಟ್ಟೆನಲ್ಲ ಎಂದು ಕೈ ಹಿಸುಕಿಕೊಂಡು ಎರಡು ಸಲ ವಾಪಸ್ ಕೇಳಿದ್ದ. ಇವತ್ತು ಒಂದು ಗಂಟೆಗೆ ಅವನ ವ್ಯಾನು ಹಿತ್ತಿಲ ಓಣಿಯಲ್ಲೇ ನಿಂತಿತ್ತು. ಅಂಗಡಿಯಲ್ಲಿ ಹಳೆ ಫ್ಯಾನುಗಳ ನಡುವೆ ಕುಳಿತು ಚಹಾ ಕುಡಿಯುತ್ತಿದ್ದ.

"ಇವರ ಡ್ರಮ್ಮು ನೀವು ವಾಪಸ್ ಕೇಳಿದ್ದು ಯಾಕೆ?"

"ಸಂಗ್ರಹ ಮಾಡೋರು ಒಬ್ರು ಬಂದಿದ್ರು ಅಮ್ಮ. ಆ ನೀಲಿ ಹಾಳೆ ಸಮೇತ ಬೇಕು ಅಂದ್ರು. ಇವರು ಬಾಳೆಹಣ್ಣು ಸುಲಿದ ಹಾಗೆ ಸುಲಿದು ಕೂತಿದ್ದಾರೆ. ಇನ್ನು ಅದು ಯಾರಿಗೆ ಬೇಕು? ಇವತ್ತು ಆ ಓಣಿಗೆ ಹೋಗಿದ್ದು ಪಕ್ಕದ ಮನೆ ಫ್ರಿಜ್ಜಿಗೆ."

"ಸಣ್ಣ ಡ್ರಮ್ಮಿನಲ್ಲಿ ಎಷ್ಟು ಸ್ಕ್ರೂ ಇತ್ತು?"

"ಎಂಟು. ಎಲ್ಲ ಒಂದೇ ಥರ, ಒರಿಜಿನಲ್. ಹಾಗಂತಾನೇ ಹೇಳಿ ಮಾರಿದ್ದು."

"ಸೆಟ್ಟು ನಿಮಗೆ ಸಿಕ್ಕಿದ್ದೆಲ್ಲಿ?"

"ಮಾರ್ಕೆಟ್ ಹಿಂದಿನ ಹಳೇ ಡಾನ್ಸ್ ಹಾಲು, ಈಗ ಕೆಡವಿದರಲ್ಲ, ಅದರ ನೆಲಮಾಳಿಗೆಯಲ್ಲಿ. ನಲವತ್ತು ವರ್ಷದಿಂದ ಬೀಗ ತೆಗೆದಿರಲಿಲ್ಲವಂತೆ. ಆ ಧೂಳಿಗೆ ನಾನು ಒಂದು ವಾರ ಕೆಮ್ಮಿದೆ."

ಮನೆಗೆ ಬಂದವಳೇ ಚಿಕ್ಕಮ್ಮ ನಡುಮನೆಯಲ್ಲಿ ಕುಳಿತಳು. ಹೆಂಡತಿ ನೀರು ತಂದುಕೊಟ್ಟಳು. ಅತ್ತೆ ಮೂಲೆಯಲ್ಲಿ, ಆಗಲೇ ಮಡಿಸಿದ್ದ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದರು.

"ಮೂರು ಜನರ ಮೇಲೆ ಕಣ್ಣಿತ್ತು," ಎಂದು ಚಿಕ್ಕಮ್ಮ ಶುರುಮಾಡಿದಳು. "ಒಬ್ಬ ದಾರೀಲಿ ಹೋಗೋ ಕಳ್ಳ. ಅವನಾಗಿದ್ರೆ ಡ್ರಿಲ್ಲಿಂಗ್ ಮಿಷನ್ ಬಿಟ್ಟು ಮರದ ಬಳೆ ಒಯ್ತಿರಲಿಲ್ಲ. ಇನ್ನೊಬ್ಬ ಗುಜರಿಯವನು. ಅವನು ಬಂದಿದ್ರೆ ನಾಲ್ಕೂ ಒಯ್ತಿದ್ದ. ಸೈಕಲ್ ಬೋಲ್ಟು ಅವನಿಗೆ ಗೊತ್ತೇ ಇಲ್ಲ, ಎಂಟೂ ಒರಿಜಿನಲ್ ಅಂತಾನೆ."

"ಮೂರನೆಯವನು ನನ್ನ ತಮ್ಮ," ಎಂದಳು ಹೆಂಡತಿ.

"ಹೌದು. ನಾಳೆ ತನಗೇ ಬರೋ ಸಾಮಾನನ್ನ ಇವತ್ತು ಕದಿಯೋಕೆ ಅವನಿಗೆ ತಲೆ ಕೆಟ್ಟಿರಬೇಕು. ಹೋಗಲಿ, ಸಿಟ್ಟಿಗೆ ತೆಗೆದ ಅಂತಲೇ ಇಟ್ಕೋ. ಆದ್ರೆ ಆ ಬೋಲ್ಟು? ನೂರಾರು ತುಕ್ಕಿನ ಚೂರಲ್ಲಿ ಅದೊಂದೇ ಬೋಲ್ಟು ಈ ಡ್ರಮ್ಮಿಂದು ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು? ಬಿಚ್ಚಿದ ದಿನ ಅವನು ಊರಲ್ಲಿರಲಿಲ್ಲ. ಈ ಸೆಟ್ಟಿದ್ದ ಡಾನ್ಸ್ ಹಾಲಿಗೆ ಬೀಗ ಬಿದ್ದಾಗ ಅವನು ಹುಟ್ಟಿರಲಿಲ್ಲ."

ಬಡಗಿ ತಲೆ ತಗ್ಗಿಸಿದ.

"ಕಳ್ಳ ಅಂದ್ರೆ ಬೇಡದ್ದನ್ನ ಬಿಟ್ಟು ಬೆಲೆ ಇರೋದನ್ನ ಒಯ್ತಾನೆ," ಎಂದಳು ಚಿಕ್ಕಮ್ಮ. "ಇಲ್ಲಿ ಹೊಸ ಸ್ಕ್ರೂ ಬಿಟ್ಟು ತುಕ್ಕು ಹಿಡಿದದ್ದು ಹೋಗಿದೆ. ನಮ್ಮ ಕೌಂಟರಿನಲ್ಲಿ ಇಂಥೋರನ್ನ ಕಂಡಿದ್ದೀನಿ. ಹರಿದ ಚೀಲ ಸಿಕ್ಕಿದ್ರೆ, ಹರಿದ ಕಡೆ ಮೊದಲು ಮುಟ್ಟಿ ನೋಡ್ತಾರೆ. ಕಳ್ಳರಲ್ಲ ಅವರು, ಕಳ್ಕೊಂಡೋರು. ಎರಡು ತಿಂಗಳು ಸುಮ್ಮನಿದ್ದೋರು ಇವತ್ತೇ ಯಾಕೆ ತೆಗೆದ್ರು? ಇವತ್ತು ಊಟದಲ್ಲಿ, ಒಳಗಿನ ಗೆರೆ ಉಜ್ಜಿಬಿಡ್ತೀನಿ ಅಂದನಲ್ಲ, ಅದಕ್ಕೆ. ಆ ಮಾತು ಕೇಳಿದೋರು ಇಬ್ಬರು. ಒಬ್ಬಳು ಇವನ ಹೆಂಡತಿ. ನಲವತ್ತು ವರ್ಷದ ಹಿಂದೆ ತೊಟ್ಟಿಲಲ್ಲಿದ್ದಳು." ಅವಳು ಲೋಟ ಕೆಳಗಿಟ್ಟಳು. "ಇನ್ನೊಬ್ಬರು ನೀವು, ಬೀಗಿತ್ತಿ."

ಅತ್ತೆ ಬಟ್ಟೆ ಪಕ್ಕಕ್ಕಿಟ್ಟರು. ಎದ್ದು ತಮ್ಮ ಕೋಣೆಗೆ ಹೋದರು. ಬರುವಾಗ ಹಳೆ ಶಾಲಿನಲ್ಲಿ ಸುತ್ತಿದ ಡ್ರಮ್ಮು ಎದೆಗೆ ಒತ್ತಿಕೊಂಡಿದ್ದರು; ಶಾಲಿನೊಳಗೆ ಏಳು ಸ್ಕ್ರೂ, ಒಂದು ಬೋಲ್ಟು ಗಲಗಲ ಎಂದವು.

"ಆ ಡಾನ್ಸ್ ಹಾಲಿನಲ್ಲಿ ಟಿಕೆಟ್ ಕೊಡ್ತಿದ್ದೆ," ಎಂದರು. "ಬಾರಿಸೋರಿಗೆ ಮಣಿಕಟ್ಟು ಉಳುಕಿತು. ಸಂಜೆ ಜನ ಬಂದಾಗಿತ್ತು. ನಾನು ಖಾಲಿ ಹೊತ್ತಲ್ಲಿ ಕೂತು ಬಾರಿಸೋದನ್ನ ಯಾರೋ ನೋಡಿದ್ರು. ಬಾ ಅಂದ್ರು, ಕೂತೆ. ಹನ್ನೊಂದು ಸಂಜೆ. ದಿನಕ್ಕೊಂದು ಗೆರೆ. ಮೂರನೇ ದಿನ ಸ್ಕ್ರೂ ಮುರಿದಾಗ ನನ್ನ ಸೈಕಲ್ಲಿನ ಬೋಲ್ಟು ಕಿತ್ತು ಹಾಕಿದೆ. ಆಮೇಲೆ ಅವರ ಕೈ ವಾಸಿಯಾಯ್ತು."

"ಅಷ್ಟೇನಾ?" ಎಂದಳು ಮಗಳು, ಬೆರಗಾಗಿ. "ಅಪ್ಪ ಬೇಡ ಅಂದ್ರಾ?"

"ಯಾರೂ ಬೇಡ ಅನ್ನಲಿಲ್ಲ. ಯಾರೂ ಕೇಳಲೂ ಇಲ್ಲ. ಸೆಟ್ಟು ಅಂಗಳಕ್ಕೆ ಇಳಿಸಿದ ದಿನವೇ ನನಗೆ ಗುರುತು ಸಿಕ್ತು, ಹೇಳಿದ್ರೆ ನಗ್ತೀರ ಅಂತ ನಾನೂ ಹೇಳಲಿಲ್ಲ."

"ನನ್ನನ್ನ ಉಜ್ಜಬೇಡ ಅಂದಿದ್ರೆ ಸಾಕಿತ್ತಲ್ಲ ಅತ್ತೆ," ಎಂದ ಬಡಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ಎರಡು ತಿಂಗಳು ಆ ಮರವನ್ನು ಉಜ್ಜಿದವನಿಗೆ ಅದು ಯಾರದ್ದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ, ಅದೇ ಅವನಿಗೆ ನಾಚಿಕೆಯಾಗಿತ್ತು.

"ಡ್ರಮ್ಮು ತೆಗೆದಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದರು ಅತ್ತೆ. "ನೀನು ಫೋನಿನಲ್ಲಿ ಅವನನ್ನ ಅಷ್ಟು ಮಾತು ಅಂದಾಗ ನಾನು ಇಲ್ಲೇ ನಿಂತಿದ್ದೆ. ಬಾಯಿ ಬರಲಿಲ್ಲ, ಅದಕ್ಕೆ ಬೇಜಾರು. ನಡಿ, ಅವನ ಹತ್ತಿರ ನಾನೇ ಹೇಳ್ತೀನಿ."

ಭಾವಮೈದನ ಬಾಡಿಗೆ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಅತ್ತೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಡ್ರಮ್ಮನ್ನು ಮಾತ್ರ ಬಡಗಿಯ ಕೈಗೆ ಕೊಡಲಿಲ್ಲ. ಬಾಗಿಲು ತೆಗೆದ ಮಗನಿಗೆ ಹೊಸಿಲ ಮೇಲೇ ನಿಂತು ಎಲ್ಲ ಹೇಳಿದರು, ಬಾಯಿ ಬರದೆ ನಿಂತಿದ್ದನ್ನೂ ಬಿಡದೆ.

ಮಗ ಡ್ರಮ್ಮು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಒಳಗಿನ ಗೆರೆಗಳ ಮೇಲೆ ಬೆರಳು ಇಟ್ಟು ಎಣಿಸಿದ.

"ನಾನು ಆರು ವರ್ಷದವನಿದ್ದಾಗಿಂದ ತಟ್ಟೆ ಬಾರಿಸ್ತಿದ್ದೀನಿ," ಎಂದ. "ನಿಲ್ಲಿಸು ಅಂತ ನೀನೊಬ್ಬಳೇ ಬೈಯಲಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು. ಒಳಗೆ ಬಾ, ಕೂತ್ಕೋ."

ಅತ್ತೆ ಒಳಗೆ ಹೋದರು. ಬಡಗಿ ಹೊರಗೇ ಉಳಿದ.

"ತಪ್ಪಾಯ್ತು," ಎಂದ.

"ಅಮ್ಮಂದು ಬಿಡಿ ಭಾವ. ಅವಳು ತನ್ನದನ್ನ ತಾನು ತಗೊಂಡಳು. ನನ್ನದೊಂದು ಪ್ರಶ್ನೆ ಇದೆ. ಯಾರಾದ್ರೂ ತೆಗೆದಿರಬಹುದಿತ್ತು. ನನ್ನ ಹೆಸರೇ ಯಾಕೆ ಮೊದಲು ಬಂತು?"

ಬಡಗಿ ಸುಳ್ಳು ಹೇಳಬಹುದಿತ್ತು. ಜಗಳ ಆಗಿತ್ತಲ್ಲ, ಅದಕ್ಕೆ ಎನ್ನಬಹುದಿತ್ತು.

"ಬೇರೆ ಯಾರನ್ನ ಬೈದಿದ್ರೂ ಅವರು ವಾಪಸ್ ಬರ್ತಿರಲಿಲ್ಲ," ಎಂದ. "ನೀನಾದ್ರೆ ಎಷ್ಟು ಬೈದ್ರೂ ಬರ್ತೀಯ ಅಂದ್ಕೊಂಡಿದ್ದೆ."

"ಬರಲ್ಲ ಅಂತಾನೇ ಕೂತಿದ್ದೆ," ಎಂದು ಭಾವಮೈದ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.