ಒಂದು ಲೋಟ ಸೊಪ್ಪಿನ ತೂಕ

ತಕ್ಕಡಿ ಇನ್ನೂರ ನಲವತ್ತೈದು ಗ್ರಾಂ ತೋರಿಸಿತು. ಅರ್ಗಿರೋ ಬಗ್ಗಿ ಮತ್ತೊಮ್ಮೆ ನೋಡಿದಳು. ಅದೇ ಕಾಲು ಲೀಟರ್ ಲೋಟ, ಅದೇ ಬೇಯಿಸಿದ ಸೊಪ್ಪು. ನಿನ್ನೆ ಮಿರ್ಸಿನಿಯ ಇದೇ ಚೀಸ್ ಅಂಗಡಿಯಲ್ಲಿ ನೂರ ಎಪ್ಪತ್ತು ಬಂದಿತ್ತು.

"ಲೋಟದ ತೂಕ ಕಳೆದ್ರಾ, ಮಿರ್ಸಿನಕ್ಕ?"

"ಮೊದಲೇ ಕಳೆದೆ ಕಣೇ. ನನ್ನ ತಕ್ಕಡಿ ಸುಳ್ಳು ಹೇಳಲ್ಲ, ನನ್ನ ಗಂಡನ ಥರ ಅಲ್ಲ ಅದು."

ಚೀಸ್ ಕೊಳ್ಳಲು ನಿಂತವರು ನಕ್ಕರು. ಅರ್ಗಿರೋಗೆ ನಗು ಬರಲಿಲ್ಲ.

ಅವಳ ಅಜ್ಜ ಸ್ಟ್ರಾಟಿಸ್‌ಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟಿದ್ದರು. ದಿನವೂ ಬೇಯಿಸಿದ ಸೊಪ್ಪು ನೂರೈವತ್ತು ಗ್ರಾಂ ತಿನ್ನಬೇಕು, ಹೆಚ್ಚುಕಡಿಮೆಯಾದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ ಎಂದು ಡಾಕ್ಟರು ಚೀಟಿ ಬರೆದಿದ್ದರು. ಮನೆಯಲ್ಲಿ ತಕ್ಕಡಿ ಇಲ್ಲ. ಹೆದರಿದ ಅಜ್ಜಿ ಎರಡು ದಿನದಿಂದ ಸೊಪ್ಪನ್ನೇ ಬಡಿಸಿರಲಿಲ್ಲ. ಸೊಪ್ಪಿಲ್ಲವೆಂದು ಮುನಿಸಿಕೊಂಡ ಅಜ್ಜ ಬೀನ್ಸ್ ತಟ್ಟೆಗೆ ಬೆನ್ನು ಹಾಕಿ ಕೂತಿದ್ದ. ಎಷ್ಟು ಲೋಟವೆಂದು ತಾನು ಹೇಳುತ್ತೇನೆ ಅಂತ ಅರ್ಗಿರೋ ಮಾತು ಕೊಟ್ಟಿದ್ದಳು.

ಮಿರ್ಸಿನಿ ಲೋಟ ಎತ್ತಿ ಬೆಳಕಿಗೆ ಹಿಡಿದಳು. "ಸೊಪ್ಪು ಬೆಂದ ರಸಾನೂ ಸುರಿದಿದ್ದೀಯಾ?"

"ಅಜ್ಜ ನಿಂಬೆ ಹಿಂಡಿಕೊಂಡು ಕುಡೀತಾರಲ್ಲ, ಅದಕ್ಕೆ."

"ಅಂದ್ರೆ ನೀನು ತೂಗಿದ್ದು ಸೊಪ್ಪಲ್ಲ, ಅಜ್ಜನ ಶರಬತ್ತು."

ರಸ ಬಸಿದಾಗ ನೂರ ಅರವತ್ತು. ಚಮಚದಿಂದ ಒತ್ತಿದಾಗ ಜಾಗವಾಯಿತು, ಅರ್ಗಿರೋ ತಾನು ತಂದಿದ್ದ ಡಬ್ಬಿಯಿಂದ ಇನ್ನಷ್ಟು ತುಂಬಿದಳು. ಇನ್ನೂರ ಇಪ್ಪತ್ತು. ಕಾಲು ಲೀಟರ್ ನೀರೆಂದರೆ ಕಾಲು ಕೆಜಿ ಎಂದು ಶಾಲೆಯಲ್ಲಿ ಕಲಿಸಿದ್ದರು. ಸೊಪ್ಪು ಆ ಪಾಠ ಓದಿರಲಿಲ್ಲವೇನೋ. ಯಾವುದು ನಿಜವಾದ ಒಂದು ಲೋಟ? ಪೆನ್ಸಿಲ್ ಹಿಡಿದ ಅರ್ಗಿರೋ ಚೀಟಿಯ ಮೇಲೆ ‘ಲೋಟ’ ಎಂದು ಬರೆದು, ಎಷ್ಟೆಂದು ಬರೆಯಲಾರದೆ ನಿಂತಳು. ಮಿರ್ಸಿನಿ ತಕ್ಕಡಿಯ ತಟ್ಟೆಯನ್ನು ನಾಲ್ಕನೇ ಸಲ ಒರೆಸಿದಳು.

"ಮನೇಲಿ ಅಜ್ಜಿ ಲೋಟದಲ್ಲಿ ಬಡಿಸ್ತಾರಾ?"

"ಇಲ್ಲ. ಫೋರ್ಕ್‌ನಲ್ಲಿ."

"ಮತ್ತೆ ಲೋಟ ಯಾಕೆ ತಂದೆ? ಅಜ್ಜಿನ ಕರ್ಕೊಂಡ್ ಬಾ."

ಅಜ್ಜಿ ಏಪ್ರನ್ ಕೂಡ ಬಿಚ್ಚದೆ, ಪಾತ್ರೆ ಹಿಡಿದು ಬಂದಳು. ಮಿರ್ಸಿನಿ ತಕ್ಕಡಿಯನ್ನು ಕೆಳಗಿನ ಮೇಜಿಗಿಳಿಸಿ, ಅವಳಿಗೊಂದು ಕುರ್ಚಿ ಎಳೆದಳು. ಅಜ್ಜಿ ಫೋರ್ಕ್‌ನಿಂದ ಸೊಪ್ಪೆತ್ತಿ ಪಾತ್ರೆಯ ಅಂಚಿಗೆ ಒರಗಿಸಿದಳು, ನೀರಿಳಿಯುವವರೆಗೆ ಕಾದಳು, ತಟ್ಟೆಗೆ ಹಾಕಿದಳು. ಹಾಗೆ ಮೂರು ಸಲ. ನೂರ ಐವತ್ತೆರಡು.

ಅರ್ಗಿರೋ ತಟ್ಟೆ ಖಾಲಿ ಮಾಡಿಸಿ ಇನ್ನೊಮ್ಮೆ ಹಾಕಿಸಿದಳು. ನೂರ ನಲವತ್ತೆಂಟು. ಮತ್ತೊಮ್ಮೆ, ನೂರ ಐವತ್ತೊಂದು.

"ಅಜ್ಜಿ, ನಿನಗೆ ಹೇಗೆ ಗೊತ್ತಾಗುತ್ತೆ?"

"ಏನು ಗೊತ್ತಾಗೋದು? ನಲವತ್ತು ವರ್ಷದಿಂದ ಹೀಗೇ ಎತ್ತಿದ್ದೀನಿ." ಅಜ್ಜಿಯ ಮುಖದಲ್ಲಿ ಅರ್ಗಿರೋಗಿಂತ ಹೆಚ್ಚು ಗೊಂದಲವಿತ್ತು.

ಅರ್ಗಿರೋ ಚೀಟಿಯಲ್ಲಿ ‘ಲೋಟ’ ಎಂಬುದನ್ನು ಹೊಡೆದುಹಾಕಿ ‘ಅಜ್ಜಿಯ ಫೋರ್ಕ್, ಮೂರು ಸಲ’ ಎಂದು ಬರೆದಳು. ಹೊರಡುವಾಗ ಮಿರ್ಸಿನಿ ಅವಳ ಜೇಬಿಗೆ ಎರಡು ನಿಂಬೆಹಣ್ಣು ಹಾಕಿದಳು.

ಮಧ್ಯಾಹ್ನ ಅಜ್ಜ ಮೇಜಿನತ್ತ ತಿರುಗಿ ಕೂತ.

"ಇವತ್ತು ನಾನು ಬಡಿಸಲಾ?" ಎಂದಳು ಅರ್ಗಿರೋ. ಅಜ್ಜಿ ಫೋರ್ಕ್ ಕೊಟ್ಟಳು.

ಅವಳು ಎತ್ತಿದ್ದು ಅಜ್ಜಿಯ ತುತ್ತಿಗಿಂತ ದೊಡ್ಡದಾಗಿ ಕಂಡಿತು. ನಾಲ್ಕು ಎಲೆಗಳನ್ನು ಪಾತ್ರೆಗೆ ವಾಪಸ್ ಬಿಟ್ಟಳು. ಫೋರ್ಕನ್ನು ಅಂಚಿಗೆ ಒರಗಿಸಿದಳು. ಅಜ್ಜ ತಟ್ಟೆ ಮುಂದೆ ಚಾಚಿದ.

"ತಾಳು ಅಜ್ಜ," ಎಂದಳು. ಕೊನೆಯ ಹನಿ ಇನ್ನೂ ಬಿದ್ದಿರಲಿಲ್ಲ.