ಆಟ ನಿಲ್ಲಿಸಿದವಳು

"ಯಾರಿಗೂ ಹೇಳಬೇಡ! ಮಗಳ ಮೇಲೆ ಆಣೆ ಮಾಡು... ಯಾರಿಗೂ ಹೇಳಲ್ಲ ಅಂತ ಆಣೆ ಮಾಡು!"

ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ ಗಂಡ ಕಣ್ಣು ಬಿಟ್ಟ ಕೂಡಲೇ ಆಡಿದ ಮೊದಲ ಮಾತು ಇದು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ಒಲೆ ಆರಿಸುವ ಎಚ್ಚರವೂ ಅವಳಿಗಿರಲಿಲ್ಲ. ಒಂದು ನಿಮಿಷದ ಹಿಂದೆ ಲೋಟಕ್ಕೆಂದು ಕೈ ಚಾಚಿದವನು, ಆರೂಮುಕ್ಕಾಲು ಅಡಿಯ ಆಳು, ಬುಡ ಕಡಿದ ಮರದಂತೆ ಉರುಳಿಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಳು.

"ಆಸ್ಪತ್ರೆಗೆ ಹೋಗೋಣ ರೀ... ನಿಮ್ಮ ಕೈಯೆಲ್ಲ ತಣ್ಣಗಿದೆ!"

"ಭಾನುವಾರ ಫೈನಲ್ ಇದೆ. ಇನ್ನು ಐದೇ ದಿನ. ಆಮೇಲೆ ನೀನು ಕರೆದಲ್ಲಿಗೆ ಬರ್ತೀನಿ. ಈಗ ಆಣೆ ಮಾಡು."

ಆ ಕಣ್ಣುಗಳಲ್ಲಿ ಅಂಥ ದೈನ್ಯವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಪಕ್ಕದ ಕೋಣೆಯಲ್ಲಿ ಏಳು ವರ್ಷದ ಮಗಳು ಶಾಲೆಯ ಚೀಲ ತುಂಬಿಕೊಳ್ಳುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಅವಳ ಮೇಲೆ ಹೆಂಡತಿ ಆಣೆ ಮಾಡಿದಳು.

ಊರಿಗೆಲ್ಲ ಅವನು 'ಏಣಿ'. ಹನ್ನೆರಡು ವರ್ಷಗಳಿಂದ ಬಾಸ್ಕೆಟ್‌ಬಾಲ್ ಬಿಟ್ಟು ಬೇರೆ ಕಸುಬು ತಿಳಿಯದವನು. ಮೂರು ಕ್ಲಬ್ಬುಗಳ ಅಂಗಿ ತೊಟ್ಟಿದ್ದ, ಎರಡು ಸಲ ಮೊಣಕಾಲು ಕೊಯ್ಯಿಸಿಕೊಂಡಿದ್ದ. ಈ ಮೂವತ್ಮೂರರಲ್ಲಿ ಅವನ ತಂಡ ಮೊದಲ ಬಾರಿಗೆ ಫೈನಲ್ ತಲುಪಿತ್ತು. ಗೆದ್ದರೆ ಇನ್ನೆರಡು ವರ್ಷಕ್ಕೆ ಕರಾರು ಎಂದು ಕ್ಲಬ್ಬಿನವರು ಮಾತು ಕೊಟ್ಟಿದ್ದರು. ಅವನನ್ನು ಅಂಗಳಕ್ಕೆ ಇಳಿಸಿದವರು ಅವಳ ಮಾವ. ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಅವರನ್ನು ಜನ ಇಂದಿಗೂ 'ಸೀಟಿ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗನೊಬ್ಬನೇ ಅವರ ಜಗತ್ತು. ಅವನು ಎಷ್ಟು ಮೊಟ್ಟೆ ತಿನ್ನಬೇಕು, ಎಷ್ಟು ಗಂಟೆ ಮಲಗಬೇಕು, ಎಲ್ಲದಕ್ಕೂ ಅವರದೇ ಕಟ್ಟಪ್ಪಣೆ. ಸೊಸೆ ಒಂದು ಮಾತು ಎತ್ತಿದರೆ ಸಾಕು, "ಕನ್ನಡಕದ ಅಂಗಡಿಯವಳಿಗೆ ಆಟ ಎಲ್ಲಿ ಕಾಣುತ್ತೆ ಬಿಡಮ್ಮ!" ಎಂದು ನಕ್ಕು ಬಾಯಿ ಮುಚ್ಚಿಸಿಬಿಡುತ್ತಿದ್ದರು.

ಹೌದು, ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಆ ಎರಡು ದಿನ ಅವಳಿಗೆ ಕೆಲಸದಲ್ಲಿ ಗಮನವೇ ಇರಲಿಲ್ಲ. ಗಂಟೆಗೊಮ್ಮೆ ಗಂಡನಿಗೆ ಫೋನು. ಎತ್ತುವುದು ತಡವಾದರೆ ಎದೆ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ಅವನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಸದ್ದು ನಿಂತರೆ ಅವಳ ಉಸಿರೂ ನಿಲ್ಲುತ್ತಿತ್ತು.

ಗುರುವಾರ ಮಧ್ಯಾಹ್ನ ಒಬ್ಬ ಬಸ್ ಚಾಲಕ ಬಂದು ಕೂತ. ಗೋಡೆಯ ಮೇಲಿನ ಅಕ್ಷರಗಳನ್ನು ಪಟಪಟನೆ ಓದಿದ. ಅವಳಿಗೆ ಅನುಮಾನ ಬಂತು. ಸದ್ದಿಲ್ಲದೆ ಪಟ ಬದಲಿಸಿದಳು. ಅವನು ಮತ್ತೆ ಅದೇ ಹಳೆಯ ಅಕ್ಷರಗಳನ್ನೇ ಒಪ್ಪಿಸಿದ!

"ಬಾಯಿಪಾಠ ಮಾಡಿಕೊಂಡು ಬಂದಿದ್ದೀರಿ ಅಲ್ವಾ ಅಣ್ಣ?"

ಚಾಲಕನ ಮುಖ ಇಳಿಯಿತು. "ಕಣ್ಣು ಸರಿ ಇದೆ ಅಂತ ಲೈಸೆನ್ಸಿನ ಕಾಗದಕ್ಕೆ ಒಂದು ಸಹಿ ಹಾಕಿಬಿಡಮ್ಮ. ಇಪ್ಪತ್ತು ವರ್ಷದ ಕೆಲಸ. ಇದು ಬಿಟ್ಟರೆ ನನಗೆ ಬೇರೇನು ಬರುತ್ತೆ, ಹೇಳು?"

"ಹಾಕೋಕಾಗಲ್ಲ ಅಣ್ಣ. ಬಸ್ಸಿನಲ್ಲಿ ಜನ ಇರ್ತಾರೆ. ನಿಮ್ಮ ಜೀವಾನೂ ಇರುತ್ತೆ."

ಎಷ್ಟು ಸಲೀಸಾಗಿ ಆಡಿಬಿಟ್ಟಿದ್ದಳು ಆ ಮಾತನ್ನು! ಚಾಲಕ ತಲೆ ತಗ್ಗಿಸಿಕೊಂಡು ಹೊರಟುಹೋದ. ಅವಳು ಕುರ್ಚಿಯಲ್ಲಿ ಕುಸಿದಳು. ಬೇರೆಯವರ ಮನೆಯ ಗಂಡಸಿಗೆ ಒಂದು ನ್ಯಾಯ, ತನ್ನ ಗಂಡನಿಗೆ ಇನ್ನೊಂದೇ? ಆದರೆ ಆಣೆ... ಮಗಳ ಮೇಲಿನ ಆಣೆ! ಅಂಥದ್ದನ್ನೆಲ್ಲ ನಂಬುವವಳಲ್ಲ ಅವಳು. ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ತಂಡದ ವೈದ್ಯೆಯ ಕೋಣೆಗೆ ಹೋದಳು. ಬಾಗಿಲ ಬಳಿ ಎರಡು ಸಲ ಹಿಂದಕ್ಕೆ ತಿರುಗಿದಳು. ಮೂರನೆಯ ಸಲ ತಟ್ಟಿದಳು.

ಮರುದಿನವೇ ಪರೀಕ್ಷೆಗಳಾದವು. ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ವೈದ್ಯೆ ಮೆಲ್ಲಗೆ ಹೇಳಿದರು. "ನಿಮ್ಮ ಹೃದಯದ ಗೋಡೆ ದಪ್ಪಗಾಗಿದೆ. ಜೋರಾಗಿ ಓಡುವಾಗ ಅದು ಯಾವ ಗಳಿಗೆಯಲ್ಲಿ ಬೇಕಾದರೂ ನಿಂತುಹೋಗಬಹುದು. ಮಾತ್ರೆ ತಗೊಂಡು ಹುಷಾರಾಗಿದ್ದರೆ ನೆಮ್ಮದಿಯಾಗಿ ಬದುಕಬಹುದು. ಆದರೆ ಆಟ... ಇನ್ನಿಲ್ಲ."

ಅವನು ದಾರಿಯುದ್ದಕ್ಕೂ ತನ್ನ ಅಗಲವಾದ ಅಂಗೈಗಳನ್ನೇ ನೋಡುತ್ತ ಕೂತಿದ್ದ. ಕ್ಲಬ್ಬಿನಿಂದ ಮನೆಗೆ ಆಗಲೇ ಸುದ್ದಿ ಮುಟ್ಟಿತ್ತು. ಹೊಸ್ತಿಲು ದಾಟಿದ್ದೇ ತಡ, ಬಿರುಗಾಳಿ ಎದ್ದಿತು.

"ಕೊಂದುಬಿಟ್ಟೆಯಲ್ಲಮ್ಮ ನನ್ನ ಮಗನನ್ನ!" ಮಾವನ ಧ್ವನಿಗೆ ಕಿಟಕಿಯ ಗಾಜು ಅದುರಿತು. "ಮೂವತ್ತು ವರ್ಷದ ಬೆವರು! ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು ಮಾಡಿದೆ!"

"ಅವರ ಜೀವ ಉಳೀಲಿ ಅಂತ ಹೇಳಿದೆ ಮಾವ..."

"ಎರಡು ಗಂಟೆಯ ಆಟ! ಎರಡು ಗಂಟೆ ತಡೆದುಕೊಳ್ಳೋಕೆ ಆಗಲಿಲ್ವಾ ನಿನಗೆ?"

ಅವಳು ಗಂಡನ ಮುಖ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ತನ್ನ ಪರವಾಗಿ ಬರಬಹುದೆಂದು ಕಾದಳು.

"ಮಗಳ ಮೇಲೆ ಆಣೆ ಮಾಡಿದ್ದೆ ನೀನು," ಎಂದ ಅವನು. ಅಷ್ಟೇ. ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಭಾನುವಾರ ತಂಡ ಎರಡೇ ಅಂಕಗಳಿಂದ ಸೋತಿತು. ಅವನು ಟಿ.ವಿ. ಕೂಡ ಹಾಕಲಿಲ್ಲ. ನೆರೆಮನೆಯವರ ಗೋಡೆಯಾಚೆಯಿಂದ "ಅಯ್ಯೋ!" ಎಂಬ ಉದ್ಗಾರ ಕೇಳಿದಾಗಲೇ ಮನೆಯವರಿಗೆಲ್ಲ ವಿಷಯ ತಿಳಿದದ್ದು. ಆಮೇಲಿನ ಮೂರು ವಾರ ಆ ಮನೆಯಲ್ಲಿ ಚಮಚ ಬಿದ್ದರೂ ಬೆಚ್ಚಿಬೀಳುವಂಥ ಮೌನ. ಮಾವ ಸೊಸೆ ಬಡಿಸಿದ್ದನ್ನು ಮುಟ್ಟಲಿಲ್ಲ, ಬ್ರೆಡ್ಡು ತಂದು ತಾವೇ ತಿಂದರು. ಗಂಡ ಅವಳೊಡನೆ ಆಡುತ್ತಿದ್ದುದು "ಹೂಂ", "ಬೇಡ" ಎರಡೇ ಮಾತು. ಮಗಳು ಒಂದು ದಿನ ಸೆರಗು ಹಿಡಿದು ಕೇಳಿದಳು. "ಅಮ್ಮಾ, ನಮ್ಮನೇಲಿ ಎಲ್ಲರೂ ಟೂ ಬಿಟ್ಟಿದ್ದಾರಾ?" ಅವಳು ಮಗುವನ್ನು ಒಮ್ಮೆ ಅಪ್ಪಿ, ಬಿಟ್ಟು ಬಚ್ಚಲಿಗೆ ಓಡಿದಳು. ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಆಗ ಬಂತು ವೈದ್ಯೆಯ ಫೋನು.

"ಇದು ವಂಶದಲ್ಲಿ ಬರುವ ಕಾಯಿಲೆ. ಮಗುವನ್ನೂ, ತಾತನನ್ನೂ ಪರೀಕ್ಷೆ ಮಾಡಿಸಬೇಕು. ನಾಳೆಯೇ ಕರೆದುಕೊಂಡು ಬನ್ನಿ."

ಅವಳ ಕೈಯಿಂದ ಫೋನು ಜಾರಿತು. ಮಗು! ಅಂಗಳದಲ್ಲಿ ಹಗ್ಗ ಹಿಡಿದು ಜಿಗಿಯುತ್ತಿರುವ ತನ್ನ ಚಿನಕುರಳಿ! ಆಣೆ ಮುರಿದದ್ದು... ಅದು ಮಗಳಿಗೇ ತಟ್ಟಿತೇ? "ನಿಲ್ಲು! ಜಿಗೀಬೇಡ!" ಎಂದು ಚೀರುತ್ತ ಓಡಿಹೋಗಿ ಹಗ್ಗ ಕಿತ್ತುಕೊಂಡಳು. ಮಗು ಕಕ್ಕಾಬಿಕ್ಕಿಯಾಗಿ ಅಳತೊಡಗಿತು. ಆ ಚೀರಾಟಕ್ಕೆ ಗಂಡನೂ ಮಾವನೂ ಹೊರಗೆ ಬಂದರು. ಅವಳು ತೊದಲುತ್ತ ವಿಷಯ ಹೇಳಿದಳು.

ಮಾವ ಕಂಬ ಹಿಡಿದುಕೊಂಡರು. ಆ ಗಟ್ಟಿ ಮನುಷ್ಯ ಹಾಗೆಯೇ ಜಾರಿ ಮೆಟ್ಟಿಲ ಮೇಲೆ ಕುಳಿತರು.

"ಹದಿನಾರಕ್ಕೆ..." ಎಂದರು, ಯಾರ ಮುಖವನ್ನೂ ನೋಡದೆ. "ಹದಿನಾರನೇ ವಯಸ್ಸಿಗೇ ಒಂದು ಸಲ ಬಿದ್ದಿದ್ದ ಇವನು. ಆಯ್ಕೆಯ ಪಂದ್ಯದ ಹಿಂದಿನ ದಿನ, ಮೈದಾನದಲ್ಲಿ. ನಾನೇ ನೀರು ಚಿಮುಕಿಸಿ ಎಬ್ಬಿಸಿದೆ. ಬಿಸಿಲಿಗೆ ತಲೆ ಸುತ್ತಿದೆ ಅಂತ ಹೇಳಿ ಮರುದಿನ ಆಡಿಸಿದೆ. ಡಾಕ್ಟರಿಗೆ ತೋರಿಸಿದರೆ ಬೇಡ ಅಂದುಬಿಡ್ತಾರೇನೋ ಅಂತ ಭಯ... ಪ್ರತಿ ಪಂದ್ಯಕ್ಕೂ ನಾನು ಸೀಟಿನ ತುದೀಲೇ ಕೂತಿರ್ತಿದ್ದೆನಲ್ಲ, ಆಟದ ಹುಚ್ಚು ಅಂದ್ಕೊಂಡಿದ್ರಿ ನೀವೆಲ್ಲ. ಹುಚ್ಚಲ್ಲ ಕಣಮ್ಮ... ಇವನು ಎಲ್ಲಿ ಬಿದ್ದುಬಿಡ್ತಾನೋ ಅಂತ!"

"ನಿಮಗೆ ಗೊತ್ತಿತ್ತಾ ಅಪ್ಪ?" ಗಂಡನ ಧ್ವನಿ ಪಿಸುಮಾತಿಗಿಂತ ಮೆಲ್ಲಗಿತ್ತು. "ಹದಿನೇಳು ವರ್ಷ... ಗೊತ್ತಿತ್ತಾ?"

ಮುದುಕರು ಸೊಸೆಯ ಕಡೆ ಕೈ ಮುಗಿದರು. "ನಾನು ಮಾಡಬೇಕಿದ್ದ ಕೆಲಸ ನೀನು ಮಾಡಿದೆ ತಾಯಿ. ಅದಕ್ಕೇ ನಿನ್ನ ಮುಖ ನೋಡೋಕಾಗದೆ ಬೈದೆ."

ಮಗ ಅಳುತ್ತಿದ್ದ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ನಡೆದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಗುವನ್ನು ಎತ್ತರದ ಮಂಚದ ಮೇಲೆ ಮಲಗಿಸಿ, ಪುಟ್ಟ ಎದೆಗೆ ತಣ್ಣನೆಯ ಲೋಳೆ ಸವರಿದರು. ಪಕ್ಕದ ಯಂತ್ರದ ತೆರೆಯ ಮೇಲೆ ಬೂದು ಬಣ್ಣದ ಏನೋ ಒಂದು ಮುಷ್ಟಿಯಂತೆ ಬಿಚ್ಚಿ ಮುಚ್ಚುತ್ತಿತ್ತು. ಅವಳಿಗೆ ನೋಡುವ ಧೈರ್ಯವಾಗಲಿಲ್ಲ.

"ಓಡುವಾಗ ಎದೆ ನೋಯುತ್ತಾ ಪುಟ್ಟಿ? ತಲೆ ಸುತ್ತುತ್ತಾ?" ವೈದ್ಯೆ ಕೇಳಿದರು. ಮಗು ಅಪ್ಪನ ಮುಖ ನೋಡಿತು. ಏನು ಹೇಳಿದರೆ ಅಪ್ಪನಿಗೆ ಖುಷಿಯಾದೀತೆಂದು ಹುಡುಕುವಂತೆ.

ಅವನು ಮಂಚದ ಪಕ್ಕ ಮೊಣಕಾಲೂರಿ ಕುಳಿತ. "ಇದ್ದದ್ದು ಇದ್ದ ಹಾಗೆ ಹೇಳು ಕಂದ. ನನಗೋಸ್ಕರ ಅಂತ ಏನನ್ನೂ ಮುಚ್ಚಿಡಬೇಡ. ನಾನು ಮುಚ್ಚಿಟ್ಟೆ, ಅದು ತಪ್ಪು. ನಿಮ್ಮಮ್ಮ ಹೇಳಿದಳು, ಅದಕ್ಕೇ ಇವತ್ತು ನಿನ್ನ ಪಕ್ಕ ಕೂತಿದ್ದೀನಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಬಂದುಬಿಟ್ಟಳು.

ಅರ್ಧ ಗಂಟೆ ಒಂದು ಯುಗವಾಯಿತು. ಕೊನೆಗೆ ವೈದ್ಯೆ ಬಾಗಿಲು ತೆರೆದರು. "ಸದ್ಯಕ್ಕೆ ಮಗುವಿನ ಹೃದಯ ಚೆನ್ನಾಗಿದೆ. ದೊಡ್ಡವಳಾಗುವವರೆಗೆ ವರ್ಷಕ್ಕೊಮ್ಮೆ ನೋಡುತ್ತಿರಬೇಕು. ಆಟ ಆಡಲಿ, ಹೆದರಿಸಬೇಡಿ." ವರ್ಷಕ್ಕೊಮ್ಮೆ ಈ ಬೆಂಚು, ಈ ಅರ್ಧ ಗಂಟೆ... ಇರಲಿ. ಅದೂ ಇರಲಿ!

ಅವನು ಬಂದು ಅವಳ ಪಕ್ಕ ಕೂತ.

"ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಕಣೇ," ಎಂದ. "ಬೆಳಿಗ್ಗೆ ಎದ್ದ ಕೂಡಲೇ ಅಭ್ಯಾಸಕ್ಕೆ ಹೊರಡೋಕೆ ಕಾಲು ತುಡಿಯುತ್ತೆ. ಆಗೆಲ್ಲ ನಿನ್ನ ಮೇಲೆ ಉರಿಯುತ್ತೆ."

"ಉರೀಲಿ ಬಿಡಿ. ಸಿಟ್ಟು ಮಾಡ್ಕೊಳ್ಳೋಕೆ ನೀವಿದ್ದೀರಲ್ಲ... ನನಗಷ್ಟು ಸಾಕು."

ಅವನ ದೊಡ್ಡ ಕೈ ಅವಳ ಕೈಯನ್ನು ಮುಚ್ಚಿತು.

ಅಷ್ಟರಲ್ಲಿ ಎದುರಿನ ಕೋಣೆಯಿಂದ ಮಾವ ಹೊರಗೆ ಬಂದರು. ಒಂದೇ ದಿನದಲ್ಲಿ ಹತ್ತು ವರ್ಷ ಮುದುಕರಾದಂತಿದ್ದರು. ಅಂಗಿಯ ಗುಂಡಿಗಳನ್ನು ಒಂದಕ್ಕೊಂದು ತಪ್ಪಾಗಿ ಹಾಕಿಕೊಂಡಿದ್ದರು.

"ನನಗೂ ಇದೆಯಂತೆ," ಎಂದರು ಗೋಡೆಯನ್ನು ನೋಡುತ್ತ. "ನನ್ನಿಂದಲೇ ಬಂದಿದ್ದಂತೆ ನಿನಗೆ."

ನಿನ್ನೆಯಿಂದ ತಂದೆಯೊಡನೆ ಒಂದು ಮಾತೂ ಆಡದಿದ್ದ ಮಗ ಎದ್ದು ನಿಂತ. ಏನು ಮಾಡುತ್ತಾನೋ ಎಂದು ಅವಳೂ ಎದ್ದಳು. ಅವನು ನಿಧಾನವಾಗಿ ಹೋಗಿ, ಆ ಎತ್ತರದಿಂದ ಪೂರ್ತಿ ಬಗ್ಗಿ, ತಂದೆಯ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಮತ್ತೆ ಮೊದಲಿನಿಂದ, ಅದರದರ ಜಾಗಕ್ಕೆ, ಒಂದೊಂದಾಗಿ ಹಾಕತೊಡಗಿದ.